ಜೋಡಿ ಕಟ್ಟುವ ವಿದ್ಯೆ

ಅಮೆರಿಕ ದೇಶದಲ್ಲಿ ಶನಿವಾರ ರಾತ್ರಿ ನಡೆಯುವ ವೃತ್ತಿಪರ ಮುಷ್ಟಿಯುದ್ಧಗಳು ನಮ್ಮ ಮನೆಗಳ ಟೀವಿಯ ಪರದೆಯ ಮೇಲೆ ಭಾನುವಾರದ ಬೆಳಗಿನಲ್ಲಿ ಕಾಣಿಸಿಕೊಳ್ಳುತ್ತವೆ. ಗಂಟೆ ಬಾರಿಸಿ ಕಾಳಗ ಆರಂಭವಾಗುವುದಕ್ಕೆ ವಾರಗಳ ಮೊದಲಿನಿಂದಲೇ, ಯಾರು ಯಾರೊಡನೆ ಸೆಣಸುವರು, ಯಾರ ತೋಳು ಎಷ್ಟು ನೀಳ, ಯಾರ ದೇಹವು ತೂಕದ ಮಿತಿಗೆ ಇಳಿದೀತು, ಹಿಂದಿನ ಭೇಟಿಯಲ್ಲಿ ಯಾರು ಯಾರನ್ನು ಕೆಡವಿದ್ದರು ಎಂಬ ಚರ್ಚೆಯು ಅಲ್ಲಿ ನಡೆದೇ ಇರುತ್ತದೆ. ಪಂದ್ಯದ ಮುನ್ನಾದಿನ ಇಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ, ಬಳಿಕ ಎದುರುಬದುರಾಗಿ ನಿಲ್ಲಿಸಿ ಜನಕ್ಕೆ ತೋರಿಸುತ್ತಾರೆ. ಈ ಪೂರ್ವರಂಗವೆಲ್ಲವೂ ವ್ಯಾಪಾರದ ಆಡಂಬರವೆಂದು ತಳ್ಳಿಹಾಕುವವರು ಉಂಟು. ನನಗೆ ಹಾಗೆ ತೋರುವುದಿಲ್ಲ. ಕಾಳಗವೊಂದರ ಧರ್ಮವು ನಿಶ್ಚಯವಾಗುವುದು ಅದು ಆರಂಭವಾಗುವುದಕ್ಕೆ ಮೊದಲೇ. ಸಮಾನರಾದ ಇಬ್ಬರನ್ನು ಅರಸಿ ತಂದು ಎದುರಿಗೆ ನಿಲ್ಲಿಸಿದ ಗಳಿಗೆಯಲ್ಲಿಯೇ ಹೊಡೆದಾಟವೆಂಬುದು ಕಲೆಯ ಪದವಿಗೇರುತ್ತದೆ. ನಮ್ಮ ಕಡೆಯ ಗರಡಿಗಳಲ್ಲಿ ಈ ಕಾರ್ಯಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ನೆಲದಲ್ಲಿ ಅದರ ಚರಿತ್ರೆಯು ಬಾಕ್ಸಿಂಗಿನ ಕೈಗವಸಿನ ಚರಿತ್ರೆಗಿಂತ ಬಹಳ ದೀರ್ಘವಾದುದು.

ಈ ಐದು ತಾಲ್ಲೂಕುಗಳು ಆಡಳಿತದ ನಕ್ಷೆಯಲ್ಲಿ ಹಲವು ಸಲ ಕೈಬದಲಾದವು. 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಸೀಮೆಯಲ್ಲಿ ಇವೆಲ್ಲವೂ ಇದ್ದು, ಬಳಿಕ ಮದ್ರಾಸು ಪ್ರಾಂತದ ಭಾಗವಾಗಿ, 1953ರ ಅಕ್ಟೋಬರಿನಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಕೂಡಿದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಐದೂ ತಾಲ್ಲೂಕುಗಳು ನೂತನ ವಿಜಯನಗರ ಜಿಲ್ಲೆಯ ಪಾಲಾದವು. ಮಲ್ಲವಿದ್ಯೆಯ ಮಟ್ಟಿಗೆ ಹೇಳುವುದಾದರೆ ಈ ಕೊನೆಯ ಹೆಸರು ಅತ್ಯಂತ ಯುಕ್ತವಾದುದು. ಏಕೆಂದರೆ ಹಂಪೆಯ ರಾಜಧಾನಿಯ ದಕ್ಷಿಣ ಪಶ್ಚಿಮಗಳಿಗೆ ಹರಡಿದ ಈ ಕೆಂಪು ಕಪ್ಪು ನೆಲಗಳ ಕುಸ್ತಿಯ ಸಂಪ್ರದಾಯವು ತನ್ನ ಅತ್ಯುತ್ತಮ ಸಾಕ್ಷ್ಯವನ್ನು ಪಡೆದಿರುವುದು ಆ ರಾಜಧಾನಿಯ ಮಹಾನವಮಿಯ ಅಂಗಳದಲ್ಲಿ.

ಆ ಸಾಕ್ಷ್ಯವನ್ನು ನಮಗಾಗಿ ಬರೆದಿಟ್ಟವರು ಇಬ್ಬರು ಪೋರ್ಚುಗೀಸರು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೊ ಪೇಸನು ಒಂಬತ್ತು ದಿನಗಳ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದನು; ಅಚ್ಯುತರಾಯನ ಆಳ್ವಿಕೆಯಲ್ಲಿ ಇಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವ್ ನ್ಯೂನಿಜನು ಮತ್ತಷ್ಟು ವಿವರಗಳನ್ನು ಸೇರಿಸಿದನು. ಪೋರ್ಚುಗಲ್ಲಿನಿಂದ ಬಂದವನಿಗೆ ಮಲ್ಲಯುದ್ಧವೆಂಬುದು ಹೊಸತಾಗಿರಲಾರದು. ಆದರೂ ಇಲ್ಲಿಯ ಮಲ್ಲರ ಸೆಣಸಾಟವು ತನ್ನ ನಾಡಿನದರಂತೆ ಇಲ್ಲವೆಂದು ಪೇಸನು ಬೆರಗಾಗುತ್ತಾನೆ. ಇವರು ಹಿಡಿದು ಕೆಡವುವುದಷ್ಟೇ ಅಲ್ಲದೆ ಮುಷ್ಟಿಯಿಂದ ಪ್ರಹರಿಸುತ್ತಾರೆ. ಆ ಪ್ರಹಾರದಿಂದ ಹಲ್ಲುಗಳು ಮುರಿಯುತ್ತವೆ, ಕಣ್ಣುಗಳು ಕೆಡುತ್ತವೆ, ಮುಖಗಳು ವಿರೂಪವಾಗುತ್ತವೆ. ಮಾತು ನಿಂತ ಮಲ್ಲನನ್ನು ಅವನ ಗೆಳೆಯರು ಹೊತ್ತುಕೊಂಡು ಹೋಗುತ್ತಾರೆ. ಇಷ್ಟನ್ನು ಹೇಳಿದ ಬಳಿಕ ಅವನು ಸೇರಿಸುವ ಮಾತು ನನ್ನ ದೃಷ್ಟಿಯಲ್ಲಿ ಇಡೀ ವರ್ಣನೆಯ ಸಾರ. ಈ ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದಾರೆಂದೂ, ಕಣದಲ್ಲಿ ಇಬ್ಬರನ್ನೂ ಸಮಾನ ಸ್ಥಿತಿಯಲ್ಲಿ ನಿಲ್ಲಿಸುವುದು ಮತ್ತು ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿರ್ಣಯಿಸುವುದು ಅವರ ಕೆಲಸವೆಂದೂ ಅವನು ಬರೆಯುತ್ತಾನೆ. ರಕ್ತ ಹರಿಯುವ ಆಟದ ನಡುವೆ ಸಮತೆಯನ್ನು ಕಾಯುವ ಅಧಿಕಾರಿಯೊಬ್ಬನಿದ್ದುದನ್ನು ಪರದೇಶದವನ ಕಣ್ಣು ಗುರುತಿಸಿತು.

ನ್ಯೂನಿಜನ ಪ್ರಕಾರ ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರು. ಉತ್ಸವದಲ್ಲಿ ಸೆಣಸುವುದರ ಹೊರತು ರಾಜ್ಯದ ಬೇರೆ ಯಾವ ಊಳಿಗವೂ ಅವರಿಗಿರಲಿಲ್ಲ. ಅವರಿಗೂ ಒಬ್ಬ ನಾಯಕನಿದ್ದನು. ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಅವರು ಪರಸ್ಪರ ಹೊಡೆಯುತ್ತಿದ್ದರು. ಹೆಚ್ಚು ಗಾಯಗೊಂಡವನು ಅರಸನ ಮುಂದೆ ಬಂದು ರೇಷ್ಮೆಯ ವಸ್ತ್ರವನ್ನು ಸಂಭಾವನೆಯಾಗಿ ಪಡೆಯುತ್ತಿದ್ದನು. ವೃತ್ತಿಪರ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಸೆಣಸುವುದನ್ನೇ ಜೀವಿಕೆಯಾಗಿ ಪಡೆದ ಸಾವಿರ ಜನ, ಅವರ ನಾಯಕ, ತೀರ್ಪುಗಾರರು, ನಿಶ್ಚಿತವಾದ ದಿನಗಳು, ನಿಶ್ಚಿತವಾದ ಬಹುಮಾನ: ಇವೆಲ್ಲವೂ ಈ ನೆಲದಲ್ಲಿ ಸುಮಾರು 500 ವರ್ಷಗಳ ಹಿಂದೆಯೇ ಸಿದ್ಧವಾಗಿದ್ದವು. ಅರಸನೂ ಕೂಡ ಪ್ರೇಕ್ಷಕ ಮಾತ್ರನಾಗಿರಲಿಲ್ಲ. ಕೃಷ್ಣದೇವರಾಯನು ಬೆಳಗಾಗುವ ಮುನ್ನ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಕತ್ತಿಯ ಸಾಮು ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಪೇಸನು ಹೇಳುತ್ತಾನೆ. ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಬೇಟೆಗಾರರ, ನರ್ತಕಿಯರ ಸಾಲಿನೊಡನೆ ಮಲ್ಲರೂ ಕಾಣಿಸುವುದಕ್ಕೆ ಇಂತಹ ಅರಸುಮನೆಯ ಅಭಿರುಚಿಯೇ ಕಾರಣವಿರಬೇಕು. ಈ ಎರಡು ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸೂಯೆಲ್ ಬಳ್ಳಾರಿ ಜಿಲ್ಲೆಯಲ್ಲಿಯೇ ಕಲೆಕ್ಟರಾಗಿದ್ದವನು ಎಂಬುದು ಸ್ಮರಣೀಯ.

ವಿಜಯನಗರಕ್ಕಿಂತಲೂ ಹಿಂದಕ್ಕೆ ಹೋಗಬೇಕಾದರೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಹೋಗಬೇಕು. ಈ ತಾಲ್ಲೂಕುಗಳೊಳಗಿನ ಕೋಗಳಿ ನಾಡೂ ಉಚ್ಚಂಗಿಯ ದುರ್ಗವೂ ಬಾಗಳಿಯ ಕಲ್ಲೇಶ್ವರನ ಗುಡಿಯೂ ಆ ಕಾಲದ ವೈಭವವನ್ನು ಕಂಡವು. ಆ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಅರಸನಾದವನ ವಿನೋದಗಳನ್ನು ವಿವರಿಸುವಾಗ ಮಲ್ಲವಿನೋದಕ್ಕೂ ಒಂದು ಪ್ರಕರಣವನ್ನು ಮೀಸಲಿರಿಸಿದೆ. ಮಲ್ಲರನ್ನು ವಯಸ್ಸು, ಗಾತ್ರ, ಸಾಮರ್ಥ್ಯಗಳಿಗೆ ಅನುಗುಣವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ ಮೊದಲಾದ ವರ್ಗಗಳಲ್ಲಿ ಇರಿಸುವ ಕ್ರಮವು ಅಲ್ಲಿದೆ. ಇಪ್ಪತ್ತರೊಳಗಿನ ತರುಣನಿಗೆ ಭವಿಷ್ಣುವೆಂಬ ಹೆಸರು. ಭಾರವನ್ನೆತ್ತುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ತೋಳಿಗೆ ತೋಳು ಕೊಟ್ಟು ಒತ್ತುವ ಶ್ರಮ, ಕಂಬವನ್ನು ಅಪ್ಪಿ ಏರುವ ಶ್ರಮ ಎಂದು ಸಾಧನೆಯ ಪ್ರಭೇದಗಳೂ ಅಲ್ಲಿವೆ. ಇಂದಿನ ಬಾಕ್ಸಿಂಗಿನಲ್ಲಿ ಸಾಂಪ್ರದಾಯಿಕವಾಗಿ 17 ತೂಕದ ವರ್ಗಗಳಿರುವುದನ್ನು ಹೊಸ ಶಾಸ್ತ್ರವೆಂದು ಬಗೆಯುವವರು ಈ ಪ್ರಕರಣವನ್ನು ಒಮ್ಮೆ ಅವಲೋಕಿಸಬೇಕು. ತೂಕವೊಂದನ್ನೇ ಅಳೆಯುವುದಕ್ಕಿಂತ ವಯಸ್ಸು, ಗಾತ್ರ, ಬಲ ಮೂರನ್ನೂ ಒಟ್ಟಿಗೆ ತೂಗುವುದು ಹೆಚ್ಚು ಸೂಕ್ಷ್ಮವಾದ ವಿವೇಚನೆಯೆಂದು ನನ್ನ ನಂಬಿಕೆ.

ಭಾರತದ ಕಥೆಯನ್ನು ಬಲ್ಲ ನಮ್ಮ ಹಳ್ಳಿಗರಿಗೆ ಈ ವಿವೇಚನೆಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಕೃಷ್ಣಾರ್ಜುನಭೀಮರು ಮೂವರೂ ಬಾಗಿಲಿಗೆ ಬಂದು ಕಾಳಗವನ್ನು ಬೇಡಿದಾಗ ಜರಾಸಂಧನು ತನಗೆ ಸರಿಜೋಡಿಯೆಂದು ಆರಿಸಿಕೊಂಡುದು ಭೀಮನನ್ನು. ಸಾವು ಎದುರಿಗೆ ನಿಂತಿದ್ದರೂ ಅವನು ತನಗಿಂತ ಕಡಿಮೆಯವನನ್ನು ಆರಿಸಿಕೊಳ್ಳಲಿಲ್ಲ. ವಿರಾಟನಗರದ ಬ್ರಹ್ಮೋತ್ಸವಕ್ಕೆ ನಾನಾ ದೇಶಗಳಿಂದ ಮಲ್ಲರು ಬಂದು ಕೂಡಿದಾಗ, ಜೀಮೂತನೆಂಬ ಮಲ್ಲನು ಕಣದಲ್ಲಿ ನಿಂತು ಕರೆದರೂ ಒಬ್ಬನೂ ಮುಂದೆ ಬರಲಿಲ್ಲ. ಉತ್ಸವದ ಮಾನವನ್ನು ಉಳಿಸುವುದಕ್ಕಾಗಿ ಅರಸನು ತನ್ನ ಅಡುಗೆಯ ವಲಲನನ್ನು, ಎಂದರೆ ವೇಷ ಮರೆಸಿಕೊಂಡಿದ್ದ ಭೀಮನನ್ನು, ಕಳುಹಿಸಬೇಕಾಯಿತು. ಅನಂತರ ಆ ವಲಲನಿಗೇ ಜೋಡಿ ದೊರೆಯದೆ ಹುಲಿ ಆನೆಗಳೊಡನೆ ಹೋರಾಡಿಸಿದರಂತೆ. ಜೋಡಿ ಸಿಕ್ಕದ ಕುಸ್ತಿಯು ಎಲ್ಲಿಗೆ ಹೋಗಿ ನಿಲ್ಲುವುದೆಂಬುದನ್ನು ಕವಿಗಳು ಹೀಗೆ ತೋರಿಸಿದರು.

ವಿಜಯನಗರವು ಅಳಿದ ಮೇಲೆ ಮಲ್ಲರಿಗೆ ಆಶ್ರಯವು ಪಾಳೆಯಗಾರರ ಕಡೆಯಿಂದ ಬಂದಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ನಾಯಕರು ಕಾದಾಟವನ್ನೇ ಉಸಿರಾಗಿ ಬಾಳಿದವರು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಮದಕರಿ ನಾಯಕನು ಮಡಿದುದು ಹರಪನಹಳ್ಳಿಯ ಸೋಮಶೇಖರ ನಾಯಕನ ಪಕ್ಷದೊಡನೆ ನಡೆದ ಯುದ್ಧದಲ್ಲಿ. ನೆರೆಯ ಚಿತ್ರದುರ್ಗದ ಕೋಟೆಯೊಳಗೆ ಗರಡಿಮನೆಯು ಇಂದಿಗೂ ಉಳಿದಿದೆ. ಕಂಪನಿಯ ಆಡಳಿತ ಬಂದು, ಥಾಮಸ್ ಮನ್ರೋ ಈ ಸೀಮೆಯ ಕಲೆಕ್ಟರಾಗಿ, ಪಾಳೆಯಗಾರರ ಆಯುಧಗಳು ಕೆಳಗಿಳಿದ ಮೇಲೆ ಮಲ್ಲರನ್ನು ಪೋಷಿಸುವ ಭಾರವು ಊರಿನ ಮೇಲೆಯೇ ಬಿತ್ತು. ಅರಸನ ಅಂಗಳದಿಂದ ದೇವರ ಜಾತ್ರೆಗೆ ಕುಸ್ತಿಯು ಇಳಿದುಬಂದುದನ್ನು ಪತನವೆಂದು ನಾನು ಭಾವಿಸುವುದಿಲ್ಲ. ಸಾವಿರ ಮಲ್ಲರ ಆಟವನ್ನು ಅರಸನೊಬ್ಬನು ನೋಡುತ್ತಿದ್ದ ಸ್ಥಾನದಲ್ಲಿ ಹತ್ತು ಮಲ್ಲರ ಆಟವನ್ನು ಊರೆಲ್ಲ ನೋಡುವಂತಾಯಿತು.

ಈ ಐದು ತಾಲ್ಲೂಕುಗಳ ಜಾತ್ರೆಗಳಿಗೆ ತಮ್ಮದೇ ಆದ ಕಾಲಕ್ರಮವಿದೆ. ಹಿಂಗಾರಿ ಜೋಳದ ಕೊಯ್ಲಿನ ಹೊತ್ತಿಗೆ, ಭರತ ಹುಣ್ಣಿಮೆಯ ಬಳಿಕ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ವರ್ಷದ ಕಾರಣಿಕವನ್ನು ನುಡಿಯುತ್ತಾನೆ. ಅದರ ಬೆನ್ನಿಗೆ ಕೊಟ್ಟೂರಿನಲ್ಲಿ ಗುರುಬಸವೇಶ್ವರನ ರಥವು ಮೂಲಾ ನಕ್ಷತ್ರದಲ್ಲಿ ಸಾಗುತ್ತದೆ. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಶಿವರಾತ್ರಿಯ ಜಾತ್ರೆ. ಮುಂದೆ ವೈಶಾಖದಲ್ಲಿ ಉಜ್ಜಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ತೈಲಾಭಿಷೇಕ. ಇವು ದೊಡ್ಡವು. ಇವುಗಳ ನಡುನಡುವೆ ಬೀರಪ್ಪನ, ಆಂಜನೇಯನ, ಊರಮ್ಮನ ಸಣ್ಣ ಸಣ್ಣ ಜಾತ್ರೆಗಳು. ಬಯಲು ಜಂಗಿ ಕುಸ್ತಿಯೆಂದು ಕರಪತ್ರದಲ್ಲಿ ಅಚ್ಚಾಗುವ ಪಂದ್ಯಗಳು ಹೆಚ್ಚಾಗಿ ನಡೆಯುವುದು ಇಂತಹ ಊರಜಾತ್ರೆಗಳಲ್ಲಿ, ತೇರು ಎಳೆದ ಮರುದಿನದಿಂದ ಎರಡು ಮೂರು ದಿನ. ಮೊದಲು ಡಂಗುರ, ಈಗ ಕರಪತ್ರ ಮತ್ತು ಆಟೋದ ಮೇಲಿನ ಮೈಕು. ಫಸಲು ಮನೆಗೆ ಬಂದು ಹೊಲವು ಬರಿದಾಗಿರುವ ಕಾಲ. ಕಲ್ಲು ಕೂಳೆಗಳನ್ನು ಆರಿಸಿ, ಮಣ್ಣನ್ನು ಸಡಿಲಿಸಿ, ಸುತ್ತಲೂ ಹಗ್ಗ ಕಟ್ಟಿದರೆ ಕಣ ಸಿದ್ಧ.

ಜೋಡಿ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಕುಸ್ತಿ ಆರಂಭವಾಗುವುದಕ್ಕೆ ಮೊದಲು ಹಲಗೆಯ ಸದ್ದಿನ ನಡುವೆ ಪೈಲ್ವಾನನೊಬ್ಬನು ಕಣದೊಳಗೆ ಬಂದು, ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ಒಂದು ಕೈಯನ್ನು ಮೇಲಕ್ಕೆತ್ತಿ ಕಣವನ್ನು ಸುತ್ತುತ್ತಾನೆ. ಅವನೊಡನೆ ಹಿಡಿಯಬಯಸುವವನು ಗುಂಪಿನಿಂದೆದ್ದು ಬಂದು ಎದುರಿಗೆ ನಿಲ್ಲುತ್ತಾನೆ. ಆಗ ಉಸ್ತಾದರು ಮುಂದೆ ಬರುತ್ತಾರೆ. ಇವರು ಹಳೆಯ ಪೈಲ್ವಾನರು. ವರ್ಷವರ್ಷಗಳ ಸೆಣಸಿನಲ್ಲಿ ಕಿವಿಯ ಹಾಳೆಗಳು ಮುದುಡಿ ಗಟ್ಟಿಯಾದವರು. ಇಬ್ಬರ ಅಂಗಿಯನ್ನು ತೆಗೆಸಿ, ಬೆನ್ನಿಗೆ ಬೆನ್ನು ಕೊಡಿಸಿ ಎತ್ತರವನ್ನು ನೋಡುತ್ತಾರೆ. ತೋಳನ್ನೂ ಕೊರಳನ್ನೂ ಒತ್ತಿ ನೋಡುತ್ತಾರೆ. ತೊಡೆಯ ಮೇಲೆ ಅಂಗೈಯಿಂದ ತಟ್ಟಿ ಸಾಮಿನ ಮೈಯೋ ಬರಿಯ ಊಟದ ಮೈಯೋ ಎಂಬುದನ್ನು ಅರಿಯುತ್ತಾರೆ. ಯಾವ ಗರಡಿ, ಯಾರ ಶಿಷ್ಯ, ಹಿಂದಿನ ಜಾತ್ರೆಯಲ್ಲಿ ಯಾರೊಡನೆ ಹಿಡಿದೆ ಎಂದು ವಿಚಾರಿಸುತ್ತಾರೆ. ಎಲ್ಲವೂ ಒಪ್ಪಿಗೆಯಾದರೆ ಇಬ್ಬರ ಕೈಗಳನ್ನು ಕೂಡಿಸಿ ಮೇಲಕ್ಕೆತ್ತಿ ಜನಕ್ಕೆ ತೋರಿಸುತ್ತಾರೆ. ಒಪ್ಪಿಗೆಯಾಗದಿದ್ದರೆ, ಹುರುಪಿನಿಂದ ಬಂದ ಹುಡುಗನ ಬೆನ್ನು ಸವರಿ, “ಏ ತಮ್ಮಾ, ಇವ್ನು ನಿನ್ನ ಜೋಡಿ ಅಲ್ಲ, ಇನ್ನೊಂದು ವರ್ಷ ಸಾಮು ತೆಗಿ, ಆಮ್ಯಾಲೆ ಬಾ” ಎಂದು ಕಳುಹಿಸುತ್ತಾರೆ. ಗುಂಪಿನಲ್ಲಿ ಎಷ್ಟೇ ಕೂಗಾಟವಾದರೂ ಆ ಮಾತು ಹಿಂದಿರುಗುವುದಿಲ್ಲ. ಅವಮಾನವಾಗದಂತೆ ನಿರಾಕರಿಸುವ ಈ ಸೌಜನ್ಯವನ್ನು ನಾನು ಬೇರೆ ಯಾವ ಕ್ರೀಡಾಂಗಣದಲ್ಲಿಯೂ ಕಂಡಿಲ್ಲ.

ಬಹುಮಾನಗಳಿಗೂ ಶ್ರೇಣಿಯುಂಟು. ಚಿಕ್ಕ ಹುಡುಗರಿಗೆ ತೆಂಗಿನಕಾಯಿ, ಅವರಿಗಿಂತ ದೊಡ್ಡವರಿಗೆ ರುಮಾಲು ಮತ್ತು ಒಂದಿಷ್ಟು ನಗದು, ಕಡೆಯ ಕುಸ್ತಿಗೆ ಬೆಳ್ಳಿಯ ಕಡಗ ಅಥವಾ ಗದೆ. ಗೆದ್ದವನ ತಲೆಗೆ ರುಮಾಲು ಸುತ್ತುವುದನ್ನು ನೋಡುವಾಗ ನ್ಯೂನಿಜನು ಹೇಳಿದ ರೇಷ್ಮೆಯ ವಸ್ತ್ರವು ನೆನಪಿಗೆ ಬಾರದಿರದು. ಆದರೆ ಅಂದು ವಸ್ತ್ರವು ಗಾಯಗೊಂಡವನಿಗೆ ಸಲ್ಲುತ್ತಿತ್ತು. ಪೆಟ್ಟು ತಿಂದವನನ್ನು ಬರಿಗೈಯಲ್ಲಿ ಕಳುಹಿಸದ ಆ ಪದ್ಧತಿಯಲ್ಲಿ ಒಂದು ದೊಡ್ಡತನವಿತ್ತು. ನಮ್ಮ ಜಾತ್ರೆಗಳಲ್ಲಿ ಸೋತವನಿಗೂ ದಾರಿಯ ಖರ್ಚನ್ನು ಕೊಡುವ ಊರುಗಳಲ್ಲಿ ಅದರ ನೆರಳನ್ನು ಕಾಣಬಹುದು. ನಿಕಾಲಿ ಕುಸ್ತಿಯೆಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ನಡೆಯತಕ್ಕದ್ದು. ಬಹು ಹೊತ್ತಾದರೂ ಯಾರೂ ಬೀಳದಿದ್ದರೆ ಪಂಚರು ಸಮಬಲವೆಂದು ಬಿಡಿಸಿ ಬಹುಮಾನವನ್ನು ಹಂಚುತ್ತಾರೆ. ಆ ಜೋಡಿಯನ್ನು ಕಟ್ಟಿದ ಉಸ್ತಾದರಿಗೆ ಅಂದು ಇರುವ ಹೆಮ್ಮೆ ಗೆದ್ದವನಿಗೂ ಇರಲಾರದು.

ಗರಡಿಯ ಒಳಗಿನ ಬದುಕಿನ ವಿಷಯವಾಗಿ ಇಲ್ಲಿ ವಿಸ್ತರಿಸುವುದಿಲ್ಲ. ಗೋಡೆಯ ಗೂಡಿನಲ್ಲಿ ಹನುಮಂತ, ಕೆಳಗೆ ಜರಡಿ ಹಿಡಿದು ಎಣ್ಣೆ ಅರಿಸಿನ ಬೆರೆಸಿದ ಮಣ್ಣು, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು. ಉಸ್ತಾದರು ಮುಸಲ್ಮಾನರಾಗಿದ್ದರೂ ಅವರು ಒಳಗೆ ಬಂದೊಡನೆ ಶಿಷ್ಯರೆಲ್ಲ ಕಾಲು ಮುಟ್ಟುವುದು, ಉಳುಕಿದ ಕೈಯನ್ನು ಅವರೇ ನೀವಿ ಸರಿಪಡಿಸುವುದು, ಇವು ಈ ಭಾಗದವರಿಗೆ ಪರಿಚಿತವಾದ ಸಂಗತಿಗಳು.

ಮುಷ್ಟಿಪ್ರಹಾರದ ಕಲೆಯು ಮಾತ್ರ ಈ ತಾಲ್ಲೂಕುಗಳಿಂದ ಮರೆಯಾಗಿ ದಕ್ಷಿಣಕ್ಕೆ ಹೋಯಿತು. ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮುಂದೆ ಮೈಸೂರಿನಲ್ಲಿ ನೆಲೆಗೊಂಡ ಆ ಉತ್ಸವದ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ನಡೆಯುವುದು ಪೇಸ್ ನ್ಯೂನಿಜರ ವರ್ಣನೆಗೆ ಬರೆದ ಭಾಷ್ಯದಂತಿದೆ. ತಲೆಯನ್ನು ಬೋಳಿಸಿ ಒಂದು ಜುಟ್ಟನ್ನು ಮಾತ್ರ ಉಳಿಸಿಕೊಂಡ ಇಬ್ಬರು ಜಟ್ಟಿಗಳು ಬಲಗೈಯ ಬೆರಳುಗಳಿಗೆ ಕೊಂಬಿನ ಮೊನೆಯುಳ್ಳ ವಜ್ರಮುಷ್ಟಿಯನ್ನು ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತಬಿಂದು ಕಾಣಿಸಿದೊಡನೆ ಕಾಳಗವು ಮುಗಿಯುತ್ತದೆ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನಗಳಿಂದ ಬಂದ ಇವರ ಜೋಡಿಯು ಮೊದಲೇ ನಿಶ್ಚಯವಾಗಿರುತ್ತದೆ. ಹಲ್ಲು ಕಣ್ಣುಗಳನ್ನು ಕಳೆದುಕೊಳ್ಳುತ್ತಿದ್ದ ಆಟವು ಒಂದು ಹನಿ ರಕ್ತಕ್ಕೆ ತೃಪ್ತವಾಗುವಷ್ಟು ಸಂಯಮವನ್ನು ಪಡೆದುದು ಸಾಮಾನ್ಯ ಸಾಧನೆಯಲ್ಲ.

ಪಾಶ್ಚಾತ್ಯರ ಬಾಕ್ಸಿಂಗ್ ಕೂಡ ಇದೇ ಸಂಯಮದ ಹಾದಿಯಲ್ಲಿ ನಡೆದುಬಂದಿತು. ಬರಿಗೈಯ ಹೊಡೆದಾಟಕ್ಕೆ 1867ರಲ್ಲಿ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನು ತೊಡಿಸಿದವು. ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ, ಬಿದ್ದವನಿಗೆ ಏಳಲು ಹತ್ತು ಸೆಕೆಂಡು ಎಂದು ಗೊತ್ತುಮಾಡಿದವು. 1982ರ ನವೆಂಬರಿನಲ್ಲಿ ಲಾಸ್ ವೇಗಾಸಿನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಎಂಬ ತರುಣನು ರೇ ಮ್ಯಾನ್ಸಿನಿಯೊಡನೆ ಹದಿನಾಲ್ಕನೆಯ ಸುತ್ತಿನವರೆಗೂ ಸೆಣಸಿ ಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡನು; ಆ ಕಾಳಗವು ಟೀವಿಯಲ್ಲಿ ಪ್ರಸಾರವಾಗಿತ್ತು. ಆ ಬಳಿಕ ಪಟ್ಟದ ಪಂದ್ಯಗಳು ಹದಿನೈದು ಸುತ್ತುಗಳಿಂದ ಹನ್ನೆರಡಕ್ಕೆ ಇಳಿದವು. ತಕ್ಕಡಿಯಲ್ಲಿ ಇಬ್ಬರ ತೂಕವೂ ಸರಿಯಾಗಿತ್ತು. ತೂಕವು ಸರಿಯಾದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲವೆಂಬುದನ್ನು ತೊಡೆಯನ್ನು ತಟ್ಟಿ ನೋಡುವ ನಮ್ಮ ಉಸ್ತಾದರು ಚೆನ್ನಾಗಿ ಬಲ್ಲರು.

ಮುಷ್ಟಿಯುದ್ಧವು ಮತ್ತೆ ಈ ಸೀಮೆಗೆ ಹಿಂದಿರುಗಿದುದು ತೀರ ಇತ್ತೀಚೆಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ 2018ರಲ್ಲಿ ಜೆಎಸ್‌ಡಬ್ಲ್ಯೂ ಸಮೂಹದವರು ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿಯೊಡನೆ ಬಾಕ್ಸಿಂಗನ್ನೂ ಕಲಿಸುತ್ತಾರೆ. ಅಲ್ಲಿ ತರಬೇತಿ ಪಡೆದ ಹರಿಯಾಣದ ನಿಶಾಂತ್ ದೇವ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 71 ಕಿಲೋ ವರ್ಗದ ಕ್ವಾರ್ಟರ್ ಫೈನಲನ್ನು ತಲುಪಿ, 2025ರ ಜನವರಿಯಲ್ಲಿ ಲಾಸ್ ವೇಗಾಸಿನಲ್ಲಿ ತನ್ನ ಮೊದಲ ವೃತ್ತಿಪರ ಪಂದ್ಯವನ್ನು ಮೊದಲ ಸುತ್ತಿನಲ್ಲಿಯೇ ಗೆದ್ದನು. ಮೊನೆಯ ಬಳೆಗಳ ಮಲ್ಲರು ಸೆಣಸಿದ ಮಹಾನವಮಿಯ ದಿಬ್ಬದಿಂದ ಬಹು ದೂರವಲ್ಲದ ನೆಲದಲ್ಲಿ ಪಳಗಿದ ಮುಷ್ಟಿಯು ಜಗತ್ತಿನ ಟೀವಿಗಳಲ್ಲಿ ಹೀಗೆ ಕಾಣಿಸಿಕೊಂಡಿತು.

ಅದೇ ಸಮಯದಲ್ಲಿ ಕೂಡ್ಲಿಗಿ ಹರಪನಹಳ್ಳಿಗಳ ಕಡೆಯ ಎಷ್ಟೋ ಗರಡಿಗಳು ಬೀಗ ಹಾಕಿಕೊಂಡಿವೆ. ಹುಡುಗರು ದಾವಣಗೆರೆಯ ಕಡೆಗೆ ಮ್ಯಾಟಿನ ಕುಸ್ತಿಯನ್ನು ಕಲಿಯಲು ಹೋಗುತ್ತಾರೆ. ಹೋಗಲಿ, ಅದರಿಂದ ಅವರಿಗೆ ಅನ್ನವುಂಟು, ಪದಕವುಂಟು. ನನಗೆ ಚಿಂತೆಯಾಗಿರುವುದು ಉಸ್ತಾದರ ಬೆರಳುಗಳಲ್ಲಿರುವ ಜ್ಞಾನದ ವಿಷಯ. ಅದನ್ನು ಯಾರೂ ಬರೆದಿಟ್ಟಿಲ್ಲ. ನಾನು ಕಂಡ ಜಾತ್ರೆಯ ಕರಪತ್ರಗಳಲ್ಲಿ ಬಹುಮಾನದ ದಾನಿಗಳ ಹೆಸರು ದೊಡ್ಡಕ್ಷರಗಳಲ್ಲಿಯೂ ಹೆಸರಾಂತ ಪೈಲ್ವಾನರ ಹೆಸರು ಅದರ ಕೆಳಗೂ ಇರುತ್ತವೆ. ಜೋಡಿ ಕಟ್ಟುವವರ ಹೆಸರು ಎಲ್ಲಿಯೂ ಇರುವುದಿಲ್ಲ. ಮುಂದಿನ ಜಾತ್ರೆಯ ಕರಪತ್ರವನ್ನು ಅಚ್ಚಿಗೆ ಕೊಡುವ ಊರಿನ ಹಿರಿಯರು ಆ ಹೆಸರುಗಳಿಗಾಗಿ ಒಂದು ಸಾಲನ್ನು ಬಿಡಬೇಕು. ಹಂಪಿ ಉತ್ಸವದ ಕುಸ್ತಿಯನ್ನು ನಡೆಸುವ ಜಿಲ್ಲಾಡಳಿತದವರು ಈ ಐದು ತಾಲ್ಲೂಕುಗಳ ವೃದ್ಧ ಉಸ್ತಾದರನ್ನು ಕರೆಸಿ, ಅವರು ಜೋಡಿ ಕಟ್ಟುವುದನ್ನು ಅವರ ಮಾತಿನೊಡನೆ ಚಿತ್ರೀಕರಿಸಿ ಇಡಬೇಕು.